ನಾಲೆ ಬಯಲಿನ ನೆಂಟರು

ಮಂಡ್ಯ ಸೀಮೆಯ ಹಳಬರಿಗೆ ಹುಟ್ಟಿದ ತಾರೀಕು ಗೊತ್ತಿರುತ್ತಿರಲಿಲ್ಲ. ಕಾಲವನ್ನು ಅವರು ನಾಲೆಯಿಂದ ಎಣಿಸುತ್ತಿದ್ದರು. ನಾಲೆ ಅಗೆಯುವಾಗ ಎಮ್ಮೆ ಕಾಯುತ್ತಿದ್ದವನು, ನೀರು ಬಿಟ್ಟ ವರ್ಷ ಮದುವೆಯಾದವಳು, ನೀರು ಬಂದು ಎರಡು ಬೆಳೆ ಆದಮೇಲೆ ಹುಟ್ಟಿದವನು ಎಂದರೆ ಸಾಕು, ಕೇಳಿದವರಿಗೆ ವಯಸ್ಸು ತಿಳಿಯುತ್ತಿತ್ತು. ನನ್ನ ಅಪ್ಪನ ಅವ್ವ ನಾಗಮಂಗಲದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದದ್ದು ನಾಲೆ ಅಗೆಯುತ್ತಿದ್ದ ಕಾಲದಲ್ಲಿ. "ಬೆದ್ದಲಿಂದ ಬೆದ್ದಲಿಗೇ ಕೊಟ್ರು ನನ್ನ. ನೀರು ನನ್ನ ಹಿಂದೆ ಬಂತು ಕಣಪ್ಪ" ಎನ್ನುತ್ತಿದ್ದಳು ಅಜ್ಜಿ. ನಮ್ಮೂರಿನ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಾಲೆಯ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ. ಕನ್ನಂಬಾಡಿಯ ಹತ್ತಿರ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಆಗಿನ ವೈಸರಾಯ್ ಇರ್ವಿನ್ ಹೆಸರಿಟ್ಟರು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು, ಜನರ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆಯ ಹತ್ತಿರ ಗುಡ್ಡ ಅಡ್ಡ ಬಂದಾಗ ಅದನ್ನು ಸುಮಾರು ಒಂದೂಮುಕ್ಕಾಲು ಮೈಲಿ ಕೊರೆದು ನೀರನ್ನು ಈಚೆಗೆ ತಂದರು. ಸುಮಾರು 1,20,000 ಎಕರೆಗೆ ನೀರುಣಿಸುವ ಲೆಕ್ಕಾಚಾರ ಅದರದು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಮೈಸೂರಿನಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಇವೆಲ್ಲ ದಾಖಲೆಯಾಗಿವೆ, ಆಗಬೇಕಾದದ್ದೂ ಹೌದು. ಆದರೆ ನೀರು ಬಂದಮೇಲೆ ಯಾರು ಯಾರಿಗೆ ಹೆಣ್ಣು ಕೊಟ್ಟರು, ಯಾರ ಮನೆಯ ನೆಂಟರು ಯಾವ ಸುಗ್ಗಿಗೆ ಬಂದು ಯಾವಾಗ ವಾಪಸ್ಸಾದರು, ಯಾವ ಅಣ್ಣತಮ್ಮಂದಿರು ಯಾವ ತೂಬಿನ ನೀರಿಗಾಗಿ ಮಾತು ಬಿಟ್ಟರು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಾಲೆ ನಮ್ಮ ಬಯಲಿಗೆ ನೀರು ಹರಿಸಿತು. ಅದರ ಜೊತೆಗೆ ನಮ್ಮ ಕಳ್ಳುಬಳ್ಳಿಯನ್ನೂ ಒಂದು ಕಡೆಗೆ ವಾಲಿಸಿತು. ನಾನು ಬರೆಯಬೇಕೆಂದಿರುವುದು ಆ ವಾಲನ್ನು.

ನೀರು ಬರುವ ಮೊದಲಿನ ಊರನ್ನು ನಾನು ಕಂಡಿಲ್ಲ, ಅಜ್ಜಿಯ ಮಾತಿನಲ್ಲಿ ಕೇಳಿದ್ದೇನೆ. ಶ್ರೀರಂಗಪಟ್ಟಣದ ಸುತ್ತಮುತ್ತ ಮಾತ್ರ ಹೊಳೆಗೆ ಅಡ್ಡಕಟ್ಟಿ ತೆಗೆದ ಹಳೆಯ ಕಾಲುವೆಗಳಿದ್ದವು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ಅಲ್ಲಿಯವು. ಅಲ್ಲಿಯವರು ಆಗಲೇ ಅನ್ನ ಉಣ್ಣುತ್ತಿದ್ದರು. ಮಂಡ್ಯ, ಮದ್ದೂರಿನ ಕಡೆಯ ನಮ್ಮಂಥ ಊರುಗಳಿಗೆ ಮಳೆಯೇ ಗತಿ, ಜೊತೆಗೆ ಒಂದು ಕೆರೆ. ಕೆರೆ ತುಂಬಿದ ವರ್ಷ ಅದರ ಕೆಳಗಿನ ಒಂದಿಷ್ಟು ಗದ್ದೆಗೆ ಭತ್ತ, ಮಿಕ್ಕದ್ದೆಲ್ಲ ರಾಗಿ ಹೊಲ. ಕೂರಿಗೆಯಲ್ಲಿ ರಾಗಿ ಬಿತ್ತಿ, ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಜೋಳ, ಹುಚ್ಚೆಳ್ಳು ಹಾಕುವುದು. ಕಡೇ ಮಳೆಗೆ ಹುರುಳಿ. ರಾಗಿ ಕೊಯ್ದು ಮೆದೆ ಹಾಕಿ, ಸಗಣಿ ಸಾರಿಸಿದ ಕಣದಲ್ಲಿ ಹರವಿ ಗುಂಡು ಹೊಡೆದು, ಗಾಳಿಗೆ ತೂರಿ, ರಾಶಿಗೆ ಪೂಜೆ ಮಾಡಿ ನೆಲದೊಳಗಿನ ಕಣಜವಾದ ಹಗೇವಿಗೆ ತುಂಬುತ್ತಿದ್ದರು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹೆಣ್ಣು ಕೊಡುವವರು ಮನೆಗಿಂತ ಮೊದಲು ಹಗೇವು ನೋಡುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಅವಳ ಅಪ್ಪ ನಮ್ಮ ಮನೆಗೆ ಬಂದಾಗ ಹಗೇವಿನ ಬಾಯಿ ತೆಗೆಸಿ ನೋಡಿದ್ದನಂತೆ.

ಆಗ ಎರಡೂ ಸೀಮೆ ಸಮಾನವಾಗಿದ್ದವು. ನಾಗಮಂಗಲದಲ್ಲೂ ರಾಗಿ, ಇಲ್ಲೂ ರಾಗಿ; ಅಲ್ಲೂ ಕುರಿ, ಇಲ್ಲೂ ಕುರಿ. ಹೆಣ್ಣುಗಳು ಅಲ್ಲಿಂದ ಇಲ್ಲಿಗೆ ಬಂದಂತೆ ಇಲ್ಲಿಂದಲೂ ಅಲ್ಲಿಗೆ ಹೋಗುತ್ತಿದ್ದವು. ತಾತನ ಇಬ್ಬರು ಅಕ್ಕಂದಿರನ್ನು ಆ ಕಡೆಗೇ ಕೊಟ್ಟಿದ್ದರು. ಎತ್ತಿನ ಗಾಡಿ ಹೂಡಿಕೊಂಡು ಬೆಳಗಿನ ಜಾವ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸೇರುವಷ್ಟು ದೂರ, ನೆಂಟಸ್ತಿಕೆಯ ಗಡಿ ಅದೇ.

ನಾಲೆ ಅಗೆಯುವ ಕೆಲಸಕ್ಕೆ ಊರಿನ ಗಂಡಸರು ಹೋದರು. ಎಲ್ಲೆಲ್ಲಿಂದಲೋ ಬಂದ ಒಡ್ಡರ ಗುಡಿಸಲುಗಳು ಊರಾಚೆ ಎದ್ದವು. ಕೂಲಿಯ ಕಾಸು ಕೈಗೆ ಬಂತು. ದೊಡ್ಡತಾತ ಆ ದುಡ್ಡಿನಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಕಟ್ಟಿದನೆಂದು ಮನೆಯಲ್ಲಿ ಬಹಳ ದಿನ ಮಾತಾಡುತ್ತಿದ್ದರು. ನೀರು ಬಿಟ್ಟ ದಿನ ಜನ ನಾಲೆಯ ಏರಿಯ ಮೇಲೆ ನಿಂತು, ಕೆಂಪು ಮಣ್ಣು ತೊಳೆದುಕೊಂಡು ಬರುತ್ತಿದ್ದ ಮೊದಲ ನೀರಿಗೆ ಅರಿಶಿನ ಕುಂಕುಮ ಹಾಕಿದರು. ಅಜ್ಜಿ ಆಗ ಬಸುರಿ.

ಆ ಮಗು ಬದುಕಲಿಲ್ಲ, ಅದರ ನಂತರದ್ದೂ ಬದುಕಲಿಲ್ಲ. ನೀರಿನ ಜೊತೆಗೆ ಮಲೇರಿಯಾ ಬಂದಿತ್ತು. ನೀರು ನಿಲ್ಲುವ ತಗ್ಗು, ಬಸಿಗಾಲುವೆಯಿಲ್ಲದ ಗದ್ದೆ, ಎಲ್ಲೆಂದರಲ್ಲಿ ಸೊಳ್ಳೆ. ಇಡೀ ನಾಲೆ ಬಯಲು ಆ ದಶಕದಲ್ಲಿ ಚಳಿಜ್ವರದಿಂದ ನಡುಗಿತು. ಸರ್ಕಾರದವರು ಕ್ವಿನೈನ್ ಹಂಚಿದರು, ಡಿ.ಡಿ.ಟಿ. ಬಂದು ಮನೆಮನೆಗೂ ಹೊಡೆಯುವ ಹೊತ್ತಿಗೆ ಮತ್ತೆ ಇಪ್ಪತ್ತು ವರ್ಷ ಕಳೆದಿತ್ತು. ಹೊಸ ನೀರಾವರಿಯ ಬಗ್ಗೆ ಹೆಮ್ಮೆಯಿಂದ ಬರೆಯುವವರು ಈ ಮಕ್ಕಳ ಲೆಕ್ಕ ಬರೆಯುವುದಿಲ್ಲ. ಅಜ್ಜಿಗೆ ನಾಲೆಯ ಮೇಲೆ ಕೋಪವಿರಲಿಲ್ಲ, ಆದರೆ ಹೊಸ ನೀರು ಬಿಟ್ಟ ದಿನ ಅವಳು ಏರಿಯ ಹತ್ತಿರ ಹೋಗುತ್ತಿರಲಿಲ್ಲ. ಆ ಇಬ್ಬರು ಮಕ್ಕಳಿಗೆ ಹೆಸರಿಟ್ಟಿದ್ದಳು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಒಂದು ಸಣ್ಣ ಎಲೆಯಲ್ಲಿ ಹಾಲು ಅನ್ನ, ಪಕ್ಕದಲ್ಲಿ ಎರಡು ಚೂರು ಬೆಲ್ಲ ಬೇರೆಯಾಗಿ ಇರುತ್ತಿತ್ತು.

ನೀರನ್ನು ಮನಬಂದಂತೆ ಬಿಡುತ್ತಿರಲಿಲ್ಲ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಬಯಲನ್ನು ಬ್ಲಾಕುಗಳಾಗಿ ವಿಂಗಡಿಸಿ, ಮೂರರಲ್ಲಿ ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಭತ್ತ, ಮತ್ತೊಂದಕ್ಕೆ ರಾಗಿಯಂಥ ಕಡಿಮೆ ನೀರಿನ ಬೆಳೆ ಎಂದು ಗೊತ್ತುಮಾಡಿ, ಮೂರು ವರ್ಷಕ್ಕೊಂದು ಸುತ್ತು ಬರುವಂತೆ ಮಾಡಿದ್ದರು. ಬಹಳ ದೂರಾಲೋಚನೆಯ ಪದ್ಧತಿ ಅದು. ನೆಲವೂ ದಣಿಯುವುದಿಲ್ಲ, ನೀರೂ ಪೋಲಾಗುವುದಿಲ್ಲ. ಅದನ್ನು ಬಿಟ್ಟುಕೊಟ್ಟದ್ದು ನಾವು ಮಾಡಿಕೊಂಡ ದೊಡ್ಡ ನಷ್ಟ ಎಂದೇ ನನ್ನ ಎಣಿಕೆ. ಈ ಪದ್ಧತಿಯಿಂದ ಮನೆಯೊಳಗೂ ಒಂದು ಬದಲಾವಣೆ ಆಯಿತು. ಒಬ್ಬನ ಜಮೀನೆಲ್ಲ ಒಂದೇ ಬ್ಲಾಕಿನಲ್ಲಿದ್ದರೆ ಒಂದು ವರ್ಷ ಬರೀ ಕಬ್ಬು, ಇನ್ನೊಂದು ವರ್ಷ ಬರೀ ರಾಗಿ. ಹಾಗಾಗಿ ದಾಯಾದಿಗಳು ಒಬ್ಬರಿಗೊಬ್ಬರು ಕೈಗಡ ಕೊಟ್ಟು ನಡೆಸಬೇಕಾಗಿತ್ತು: ಈ ವರ್ಷ ನಿಮ್ಮ ಭತ್ತ ನಮಗೆ, ಮುಂದಿನ ವರ್ಷ ನಮ್ಮದು ನಿಮಗೆ. ತಾತ ಮತ್ತು ಅವನ ದೊಡ್ಡಪ್ಪನ ಮಕ್ಕಳು ಒಂದೇ ಪಡಸಾಲೆಯಲ್ಲಿ ಕೂತು ಈ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ ಇಡುತ್ತಿದ್ದರು.

ಕಬ್ಬು ಬಂದದ್ದು ಕಾರ್ಖಾನೆಯ ಜೊತೆಗೆ. ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗ ಅದಕ್ಕಾಗಿ ದುಡಿದರು. ಆದರೆ ನಮ್ಮೂರಿನ ಮನೆಗಳಿಗೆ ಕಬ್ಬೆಂದರೆ ಕಾರ್ಖಾನೆಗಿಂತ ಹೆಚ್ಚಾಗಿ ಆಲೆಮನೆ. ನಮ್ಮ ಕುಟುಂಬ ಅತ್ಯಂತ ದೊಡ್ಡದಾಗಿ ಕಾಣುತ್ತಿದ್ದದ್ದು ಅಲ್ಲಿಯೇ.

ಆಲೆ ಹೂಡುವ ವಾರಕ್ಕೆ ಮುಂಚೆ ನಾಗಮಂಗಲಕ್ಕೆ ಹೇಳಿ ಕಳಿಸುತ್ತಿದ್ದರು. ಅಲ್ಲಿ ರಾಗಿ ಕಣದ ಕೆಲಸ ಮುಗಿದು ಕೈ ಖಾಲಿ ಇರುವ ಕಾಲ. ಅಜ್ಜಿಯ ಅಣ್ಣತಮ್ಮಂದಿರು, ಅವರ ಹೆಂಡಿರು, ಬೆಳೆದ ಮಕ್ಕಳು ಎರಡು ಗಾಡಿಯಲ್ಲಿ ಬಂದಿಳಿಯುತ್ತಿದ್ದರು. ಗಾಡಿಯಲ್ಲಿ ಹುರುಳಿ, ಒಣಗಿಸಿದ ಅವರೆಕಾಳು, ಹುಚ್ಚೆಳ್ಳು, ಕೆಲವು ಸಲ ಒಂದು ಕುರಿಮರಿ. ಕೊಟ್ಟಿಗೆಯ ಪಕ್ಕದ ಹುಲ್ಲಿನ ಮನೆಯಲ್ಲಿ ಅವರ ವಾಸ. ಒಂದು ತಿಂಗಳು, ಕೆಲವು ವರ್ಷ ಎರಡು ತಿಂಗಳು. ಕಬ್ಬು ಕಡಿಯುವುದು ಗಂಡಸರ ಕೆಲಸ, ಸೋಗೆ ಸವರಿ ಹೊರೆ ಕಟ್ಟುವುದು ಹೆಂಗಸರದ್ದು. ಸೋಗೆ ಎತ್ತುಗಳಿಗೆ ಮೇವಾಗುತ್ತಿತ್ತು, ಮಿಕ್ಕದ್ದನ್ನು ಗುಡಿಸಲಿಗೆ ಹೊದಿಸುತ್ತಿದ್ದರು. ಎತ್ತು ಗಾಣ ಸುತ್ತುತ್ತಿದ್ದ ಕಾಲದಲ್ಲಿ ಅದರ ಹಿಂದೆ ಹೋಗುವುದಕ್ಕೆ ಮಕ್ಕಳನ್ನು ಬಿಡುತ್ತಿದ್ದರು. ನನ್ನ ಹೊತ್ತಿಗೆ ಡೀಸೆಲ್ ಎಂಜಿನ್ ಬಂದಿತ್ತು, ಆಮೇಲೆ ಕರೆಂಟು. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ನಮ್ಮ ಆಲೆಮನೆಗೆ ಅದು ಮುಟ್ಟಲು ಮೂರು ತಲೆಮಾರು ಬೇಕಾಯಿತು.

ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಒಣಗಿದ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತಾ ಹೋಗಬೇಕು. ಕುದಿ ಬಂದಾಗ ಸುಣ್ಣದ ನೀರು, ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆಯುತ್ತಲೇ ಇರಬೇಕು. ಬೆಲ್ಲದ ಬಣ್ಣ ನಿಲ್ಲುವುದು ಅಲ್ಲಿ. ಪಾಕ ನೋಡುವುದು ಅಜ್ಜಿಯ ದೊಡ್ಡಣ್ಣನ ಕೆಲಸ, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕಬ್ಬು ಬೆಳೆಯದ ಸೀಮೆಯಿಂದ ಬಂದ ಆ ಮನುಷ್ಯ ಎರಡೇ ಸುಗ್ಗಿಯಲ್ಲಿ ಈ ವಿದ್ಯೆ ಕಲಿತುಬಿಟ್ಟಿದ್ದನಂತೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಬಟ್ಟಲಿನ ಅಂಚಿಗೆ ಕುಟ್ಟಿ ಸದ್ದು ಕೇಳುತ್ತಿದ್ದ. "ಇಳಿಸ್ರೋ" ಎಂದ ತಕ್ಷಣ ನಾಲ್ಕು ಜನ ಕೊಪ್ಪರಿಗೆ ಎತ್ತಿ ಮರದ ದೋಣಿಗೆ ಬಗ್ಗಿಸುತ್ತಿದ್ದರು. ಒಂದು ಗಳಿಗೆ ತಡವಾದರೆ ಬೆಲ್ಲ ಕಪ್ಪು, ಒಂದು ಗಳಿಗೆ ಮುಂಚೆಯಾದರೆ ಅಚ್ಚಿನಲ್ಲಿ ನಿಲ್ಲದೆ ನೀರು ಬಿಡುತ್ತದೆ. ಮೊದಲ ಅಚ್ಚು ಸಗಣಿಯ ಬೆನಕನ ಮುಂದೆ. ಎರಡನೆಯದು ಮಕ್ಕಳಿಗೆ: ತೆಂಗಿನಕಾಯಿ ಹೋಳನ್ನು ಬಿಸಿ ಪಾಕದಲ್ಲಿ ಅದ್ದಿ ಕೊಡುತ್ತಿದ್ದರು. ಮೂರನೆಯದು ದಾರಿಯಲ್ಲಿ ಹೋಗುವವರಿಗೆ. ಆಲೆಮನೆಯ ಮುಂದೆ ಹಾದವರಿಗೆ ಹಾಲನ್ನೋ ಬೆಲ್ಲವನ್ನೋ ಕೊಡದೆ ಕಳಿಸಿದರೆ ಗಾಣ ಮುರಿಯುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ಅದನ್ನು ಯಾರೂ ಮೀರಿದ್ದು ನಾನು ನೋಡಿಲ್ಲ.

ರಾತ್ರಿಯ ಪಾಳಿಯಲ್ಲಿ ಒಲೆಯ ಮುಂದೆ ಕೂತು ಆ ನೆಂಟರು ಹೇಳುತ್ತಿದ್ದ ಕಥೆಗಳು, ಹೆಂಗಸರ ಸೋಬಾನೆ ಪದಗಳು ನಮಗೆ ದಕ್ಕಿದ ದೊಡ್ಡ ಆಸ್ತಿ. ನಾಗಮಂಗಲದ ನೆಲದಲ್ಲಿ ಬೆಳೆಗಿಂತ ಹಾಡು ಹೆಚ್ಚು. ಜನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಆ ತಾಲ್ಲೂಕಿನ ಹೆರಗನಹಳ್ಳಿಯವರು ಎಂದು ದೊಡ್ಡವನಾದ ಮೇಲೆ ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಸುಗ್ಗಿ ಮುಗಿದು ಅವರು ಹೊರಡುವಾಗ ಗಾಡಿಯಲ್ಲಿ ಬೆಲ್ಲ, ಭತ್ತ, ಒಂದೆರಡು ಹೊಸ ಸೀರೆ. ಕೂಲಿ ಎಂದು ಯಾರೂ ಹೇಳುತ್ತಿರಲಿಲ್ಲ, ಲೆಕ್ಕ ಮಾತ್ರ ಇಬ್ಬರಿಗೂ ಗೊತ್ತಿತ್ತು. ನಮ್ಮೂರೊಳಗೆ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನೀವು ನಮ್ಮ ನಾಟಿಗೆ, ನಾಳೆ ನಾವು ನಿಮ್ಮದಕ್ಕೆ. ಮುಯ್ಯಿ ತೀರಿಸುವುದಕ್ಕೆ ನಾವು ನಾಗಮಂಗಲಕ್ಕೆ ಹೋಗುತ್ತಿರಲಿಲ್ಲ. ಅವರ ರಾಗಿ ಕೊಯ್ಲಿನ ಹೊತ್ತಿಗೆ ನಮ್ಮ ಭತ್ತದ ಕೊಯ್ಲು. ಅವರೇ ಬಂದರು, ಪ್ರತಿ ವರ್ಷ ಅವರೇ ಬಂದರು.

ಹೆಣ್ಣಿನ ವಿಷಯದಲ್ಲೂ ಹಾಗೇ ಆಯಿತು. ನಾಲೆ ಬಂದಮೇಲೆ ಬೆದ್ದಲಿನವರೆಲ್ಲ ಮಗಳನ್ನು ಅನ್ನ ಉಣ್ಣುವ ಊರಿಗೆ ಕೊಡಬೇಕೆಂದು ಹಂಬಲಿಸಿದರು. ಅಜ್ಜಿಯ ಅಣ್ಣನ ಇಬ್ಬರು ಹೆಣ್ಣುಮಕ್ಕಳು ನಮ್ಮೂರಿಗೇ ಬಂದರು. ಒಬ್ಬಳು ನನ್ನ ದೊಡ್ಡವ್ವ, ಇನ್ನೊಬ್ಬಳು ದಾಯಾದಿಯ ಮನೆಯ ಸೊಸೆ. ಇಲ್ಲಿಂದ ಅಲ್ಲಿಗೆ ಮಾತ್ರ ಒಬ್ಬಳೂ ಹೋಗಲಿಲ್ಲ. ನೀರು ಸೇದಿ, ತಲೆಯ ಮೇಲೆ ಕೊಡ ಹೊತ್ತು ಅರ್ಧ ಮೈಲಿ ನಡೆಯುವ ಊರಿಗೆ ಹೆಣ್ಣು ಕೊಡುವುದೇ ಎಂದು ತಾತನೇ ಹೇಳಿದನಂತೆ, ಅಜ್ಜಿಯ ಎದುರಿಗೆ. ಅಜ್ಜಿಯ ತಮ್ಮ ತನ್ನ ಮಗನಿಗೆ ನನ್ನ ಚಿಕ್ಕತ್ತೆಯನ್ನು ಕೇಳಿಕೊಂಡು ಬಂದಾಗ ಇಲ್ಲದ ನೆವ ಹೇಳಿ ಕಳಿಸಿದರು. ಸೋದರಸಂಬಂಧ, ಕೇಳುವ ಹಕ್ಕು ಅವನಿಗಿತ್ತು. ಆ ವರ್ಷದ ಆಲೆಗೆ ಆ ತಮ್ಮ ಬರಲಿಲ್ಲ. ಮುಂದಿನ ವರ್ಷ ಬಂದ, ಆದರೆ ಅಜ್ಜಿಯ ಮಾತು ಮುಗಿಯಲಿಲ್ಲ. "ನನ್ನೂರಿಂದ ಹೆಣ್ಣು ತಂದ್ರಿ, ಆಳು ತಂದ್ರಿ. ನನ್ನೂರಿಗೆ ಒಂದು ಹೆಣ್ಣ ಕೊಡ್ಲಿಲ್ಲ ನೀವು." ಸಾಯುವ ತನಕ ಇದನ್ನು ಅವಳು ಹೇಳಿದಳು, ಮತ್ತು ಅದು ನಿಜವಾಗಿತ್ತು.

ಮನೆ ತೊಟ್ಟಿಮನೆ. ನಡುವೆ ಬಯಲು, ಸುತ್ತ ಪಡಸಾಲೆ, ಒಂದು ಮಗ್ಗುಲಿಗೆ ಕೊಟ್ಟಿಗೆ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಮೂವರ ಹೆಂಡಿರು, ನಾವು ಮಕ್ಕಳು, ತಾತ, ಅಜ್ಜಿ, ಗಂಡ ತೀರಿಹೋಗಿ ಮದುವೆಯಾದ ಮೂರನೇ ವರ್ಷಕ್ಕೇ ತವರಿಗೆ ಬಂದ ದೊಡ್ಡತ್ತೆ. ಊಟ ಎರಡು ಹೊತ್ತೂ ಹಿಟ್ಟು. ಭತ್ತ ಬೆಳೆದರೂ ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ಬಹಳ ದಿನ ಹಾಗೇ ನಡೆಯಿತು. ಉಪ್ಪುಸಾರು, ಹುರುಳಿ ಬಸ್ಸಾರು, ಚಳಿಗಾಲದಲ್ಲಿ ಹಿತುಕಿದ ಅವರೆ. ಹಿಟ್ಟು ತೊಳಸುವುದು ದೊಡ್ಡತ್ತೆಯ ಪಾಲಿನ ಕೆಲಸ. ಅಷ್ಟು ಜನಕ್ಕೆ ಸಾಕಾಗುವ ಮಡಕೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು ಕೋಲಾಡಿಸುವುದಕ್ಕೆ ತೋಳಿನಲ್ಲಿ ಕಸುವು ಬೇಕು.

ದೊಡ್ಡತ್ತೆ ಮನೆಯವರ ಹಂಗಿನಲ್ಲಿ ಕೂತು ಉಂಡವಳಲ್ಲ. ಕೆರೆ ಕೆಳಗೆ ಹದಿನೈದು ಗುಂಟೆಯ ಒಂದು ತುಂಡಿತ್ತು. ತಾತ ಅದನ್ನು ಅವಳಿಗೆ ಮಾಡಿಕೊ ಎಂದು ಬಿಟ್ಟಿದ್ದ. ಬಾಯಿಮಾತಿನಲ್ಲಿ ಬಿಟ್ಟದ್ದು, ಪತ್ರವಿರಲಿಲ್ಲ. ಒಟ್ಲು ಬಿಡುವುದರಿಂದ ಕೊಯ್ಲಿನ ತನಕ ಎಲ್ಲ ಅವಳದೇ. ಎಲ್ಲರೂ ಹೊಸ ತಳಿಗಳ ಹಿಂದೆ ಹೋದಾಗ ಅವಳು ರಾಜಮುಡಿ, ರತ್ನಚೂಡಿ ಬಿಡಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಸಿ ತೆಗೆದ ಇಂಡಾಫ್ ರಾಗಿ ಬಂದಾಗ ಮಾತ್ರ ಒಪ್ಪಿದಳು. ತೆನೆ ಕೈಯಲ್ಲಿ ಹಿಡಿದು ನೋಡಿ, "ಇದು ಮನೆ ತುಂಬಿಸ್ತದೆ" ಎಂದಳಂತೆ. ಊರಿನವರು ಆ ತುಂಡನ್ನು ಇವತ್ತಿಗೂ ಅತ್ತೆ ಗದ್ದೆ ಎನ್ನುತ್ತಾರೆ. ಅವಳ ಅಣ್ಣತಮ್ಮಂದಿರೂ, ಮಕ್ಕಳಾದ ನಾವೂ, ಗದ್ದೆಯ ಪಕ್ಕದ ಬೇರೆ ಜಾತಿಯವರೂ ಎಲ್ಲರೂ ಹಾಗೇ ಕರೆದದ್ದು.

ಪಹಣಿಯಲ್ಲಿ ಅತ್ತೆ ಗದ್ದೆ ಎಂಬುದಿಲ್ಲ. ಅಲ್ಲಿ ಸರ್ವೆ ನಂಬರು, ಖಾತೆದಾರನ ಹೆಸರು. 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗ ಆ ತುಂಡು ಚಿಕ್ಕಪ್ಪನ ಹೆಸರಿನಲ್ಲಿ ಏರಿತು. ತಾತ ತೀರಿಕೊಂಡ ಮೇಲೆ ಎಂಬತ್ತರ ದಶಕದಲ್ಲಿ ಮೂವರು ಅಣ್ಣತಮ್ಮಂದಿರು ಭಾಗವಾಗಿದ್ದರು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯಿದೆ ಮಾಡಿತ್ತು; ಸಕ್ಕರೆ ಕಂಪನಿ ಹುಟ್ಟಿದ ವರ್ಷವೇ. ಆದರೂ ಪಂಚಾಯ್ತಿದಾರರು ಜಗುಲಿಯ ಮೇಲೆ ಕೂತು ಗದ್ದೆ ಹಂಚಿದಾಗ ಹೆಣ್ಣುಮಕ್ಕಳ ಮಾತು ಬರಲಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದ ತಿದ್ದುಪಡಿ ಬಂದದ್ದು 1994ರಲ್ಲಿ. ಅದಕ್ಕೆ ಮೊದಲೇ ಮದುವೆಯಾದವರಿಗೆ, ಮೊದಲೇ ಭಾಗವಾದ ಆಸ್ತಿಗೆ ಅದು ಅನ್ವಯಿಸಲಿಲ್ಲ. ನನ್ನ ಅತ್ತೆಯರು ಎರಡೂ ಲೆಕ್ಕದಲ್ಲಿ ಹೊರಗೆ. ಚಿಕ್ಕಪ್ಪ ಒಳ್ಳೆಯವನು, ದೊಡ್ಡತ್ತೆಯ ಕೈಯಿಂದ ಗದ್ದೆ ಕಿತ್ತುಕೊಳ್ಳಲಿಲ್ಲ, ಅವಳು ಬಗ್ಗಲಾರದಂತಾಗುವ ತನಕ ಅವಳೇ ಮಾಡಿದಳು. ಆದರೆ ಒಬ್ಬನ ಒಳ್ಳೆಯತನದ ಮೇಲೆ ನಿಂತ ಹಕ್ಕು ಹಕ್ಕಲ್ಲ. ನಲವತ್ತು ವರ್ಷ ಕಳೆ ಕಿತ್ತವಳ ಹೆಸರು ಆ ಕಾಗದದಲ್ಲಿ ಇರಬೇಕಿತ್ತು.

ಇರಬೇಕಿದ್ದ ಇನ್ನೊಂದು ಹೆಸರಿದೆ. ನಮ್ಮ ಮನೆಯಲ್ಲಿ ಜೀತಕ್ಕಿದ್ದವನು. ಅವನ ಅಪ್ಪ ನನ್ನ ತಾತನ ಅಪ್ಪನ ಹತ್ತಿರ ಮದುವೆಗೆಂದು ಸಾಲ ಪಡೆದಿದ್ದನಂತೆ. ಆ ಸಾಲ ಎರಡು ತಲೆಮಾರು ತೀರಲಿಲ್ಲ. ಕೆರೆಯ ತೂಬು ಎತ್ತುವ ನೀರುಗಂಟಿ ಮನೆತನ ಅವರದು. ನಾಲೆ ಬಂದಾಗ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಕಟ್ಟಬೇಕು, ಯಾವ ತೆವರಿ ಎಲ್ಲಿ ಸೋರುತ್ತದೆ, ಎಲ್ಲಿ ಬಸಿಗಾಲುವೆ ತೆಗೆದರೆ ನೀರು ನಿಲ್ಲುವುದಿಲ್ಲ ಎಂಬುದನ್ನು ಮೊದಲು ಕಂಡುಕೊಂಡವನು ಅವನೇ. ತಾತ ಹೊಲ ಗದ್ದೆಯ ಯಾವ ಕೆಲಸವನ್ನೂ ಅವನನ್ನು ಕೇಳದೆ ಮಾಡುತ್ತಿರಲಿಲ್ಲ. ಅವನ ಊಟ ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ, ಬೇರೆ ತಟ್ಟೆಯಲ್ಲಿ. ತಾತನ ವಯಸ್ಸಿನವನಾದ ಅವನನ್ನು ನಾವು ಮಕ್ಕಳು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದೆವು. 1976ರ ಜೀತವಿಮುಕ್ತಿ ಕಾಯಿದೆಯ ಸುದ್ದಿ ಬಂದಾಗ ಅವನ ಮಗ ಬಂದು ಜಗುಲಿಯ ಕೆಳಗೆ ನಿಂತು, "ಇನ್ನು ಅಪ್ಪ ಬರಾಕಿಲ್ಲ" ಎಂದು ಹೇಳಿ ಹೋದ. ಆ ಮಗ ಮುಂದೆ ಮಂಡ್ಯದಲ್ಲಿ ಸರ್ಕಾರಿ ಕೆಲಸ ಹಿಡಿದ, ಮೊಮ್ಮಗಳು ನರ್ಸು. ಉಳುವವನೇ ಭೂಮಿಯ ಒಡೆಯ ಎಂಬ 1974ರ ಭೂಸುಧಾರಣೆ ನಮ್ಮ ಬಯಲಿನ ಎಷ್ಟೋ ಗೇಣಿದಾರರಿಗೆ ನೆಲ ಕೊಟ್ಟಿತು. ಜೀತದವನು ಗೇಣಿದಾರನಲ್ಲ, ಹಾಗಾಗಿ ಅವನಿಗೆ ಅದರಿಂದ ಒಂದು ಗುಂಟೆಯೂ ಸಿಗಲಿಲ್ಲ. ನಮ್ಮ ಬೇಸಾಯದ ಕಥೆಯನ್ನು ಅವನನ್ನು ಬಿಟ್ಟು ಹೇಳುವುದು ಸುಳ್ಳಾಗುತ್ತದೆ.

ಸತ್ತವರನ್ನು ನೆನೆಯುವುದಕ್ಕೆ ನಮ್ಮಲ್ಲಿ ಗೊತ್ತಾದ ದಿನವಿದೆ. ಪಿತೃಪಕ್ಷದ ಎಡೆಗೆ ನಡುಮನೆಯಲ್ಲಿ ಹೊಸ ಪಂಚೆ, ಸೀರೆ ಹಾಸಿ, ಬಾಳೆಯೆಲೆ ಹರವಿ, ಹೋದವರು ಇಷ್ಟಪಟ್ಟದ್ದನ್ನೆಲ್ಲ ಬಡಿಸುತ್ತೇವೆ. ಒಬ್ಬಟ್ಟು, ಕಜ್ಜಾಯ, ವಡೆ, ಬನ್ನೂರು ಕುರಿಯ ಸಾರು. ತಾತನಿಗೆ ಒಂದು ಕಟ್ಟು ಬೀಡಿ. ದೊಡ್ಡತಾತನಿಗೆ ಹೆಂಡ, ಈಗ ಅದರ ಬದಲು ಕಾಲು ಬಾಟಲಿ. ಅಜ್ಜಿಗೆ ಎಲೆ ಅಡಿಕೆ, ಮತ್ತು ನಾಗಮಂಗಲದ ಕಡೆಯ ಹುರುಳಿಕಾಳಿನ ಉಸಲಿ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ದೊಡ್ಡವರು ಹೆಸರು ಹೇಳುತ್ತಾ ಹೋಗುತ್ತಾರೆ, ಮಕ್ಕಳು ಅದು ಯಾರು, ಇದು ಯಾರು ಎಂದು ಕೇಳುತ್ತಾರೆ. ನನಗೆ ತಿಳಿದಿರುವ ಊರಿನ ಚರಿತ್ರೆಯ ಬಹುಭಾಗ ಆ ಬಾಗಿಲ ಹೊರಗೆ ನಿಂತು ಕಲಿತದ್ದು. ಯಾರೋ ನಾಲೆಗೆ ಬಿದ್ದು ಹೋದರು, ಯಾರೋ ಪ್ಲೇಗಿನಲ್ಲಿ ಊರು ಬಿಟ್ಟಾಗ ಗುಡಿಸಲಿನಲ್ಲಿ ಹೆತ್ತಳು, ಯಾರೋ 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನೋಡಲು ಮದ್ದೂರಿಗೆ ನಡೆದುಹೋದರು. ನಾಗಮಂಗಲದಿಂದ ಬಂದು ಪಾಕ ನೋಡುತ್ತಿದ್ದ ಅಜ್ಜಿಯ ಅಣ್ಣನಿಗೆ ನಮ್ಮ ಮನೆಯ ಎಡೆಯಲ್ಲಿ ಪಾಲಿಲ್ಲ, ಅವನ ಎಡೆ ಅವನ ಊರಿನಲ್ಲಿ. ದೊಡ್ಡವ್ವ ಮಾತ್ರ ತನ್ನ ಅಪ್ಪನೆಂದು ಒಂದು ಅಚ್ಚು ಬೆಲ್ಲವನ್ನು ಗೋಡೆಯ ಬದಿಗೆ ಇಡುತ್ತಿದ್ದಳು. ಅವಳಾದ ಮೇಲೆ ಅದನ್ನು ನನ್ನ ಅತ್ತಿಗೆ ಇಡುತ್ತಾಳೆ.

ಈಗ ಆಲೆಮನೆ ನಮ್ಮದಿಲ್ಲ. ದೊಡ್ಡಪ್ಪನ ಮಗ ಕಬ್ಬನ್ನು ಬೇರೆಯವರ ಆಲೆಗೆ ಹೊಡೆಯುತ್ತಾನೆ. ಅಲ್ಲಿ ಒಲೆಯ ಮುಂದೆ ಇರುವವರು ಬಿಹಾರ, ಉತ್ತರ ಪ್ರದೇಶದ ಹುಡುಗರು, ಅವರೂ ಯಾರದೋ ಬೆದ್ದಲಿನಿಂದ ಬಂದವರು. ಮೂರು ಪಾಲಾದ ಜಮೀನು ಮಕ್ಕಳ ಕಾಲಕ್ಕೆ ಏಳು ಪಾಲಾಗಿ, ಒಬ್ಬೊಬ್ಬರಿಗೆ ಒಂದು ಎಕರೆಯ ಆಚೀಚೆ. ಕನ್ನಂಬಾಡಿಯ ನೀರಿನ ಮಟ್ಟ ಕಟ್ಟೆ ತುಂಬುವ 124.80 ಅಡಿ ಮುಟ್ಟಿತೇ ಇಲ್ಲವೇ ಎಂಬುದನ್ನು ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಈಗಲೂ ಮೊದಲು ಕೇಳುತ್ತಾರೆ, ಉಳುವುದು ಬಿಟ್ಟವರೂ ಸಹ. ಮಳೆ ಕೈಕೊಟ್ಟ ವರ್ಷ ಕಟ್ಟು ಪದ್ಧತಿಯಲ್ಲಿ ಸರದಿಗೆ ಬರುವ ನೀರು ನಾಲೆಯ ಕೊನೆಯ ಊರುಗಳಿಗೆ ಮುಟ್ಟುವ ಹೊತ್ತಿಗೆ ಪೈರು ಕೆಂಪಾಗಿರುತ್ತದೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಬಸ್ಸು ಇದೇ ನಾಲೆಗೆ ಉರುಳಿ ಮೂವತ್ತು ಜನ ಹೋದರು. ಆ ವಾರ ನಮ್ಮೂರಿನಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಪಾಂಡವಪುರದ ಕಡೆ ನೆಂಟರಿಲ್ಲದ ಮನೆ ನಮ್ಮಲ್ಲಿಲ್ಲ.

ನಾಗಮಂಗಲದ ಕೆಲವು ಕೆರೆಗಳಿಗೆ ಹೇಮಾವತಿಯ ನೀರು ಬಂದಿದೆ. ಅಜ್ಜಿಯ ತವರಿನಲ್ಲಿ ಕೊಳವೆಬಾವಿ ಕೊರೆದು ತೆಂಗು ಹಾಕಿದ್ದಾರೆ, ರಾಗಿಗೆ ಪೇಟೆಯಲ್ಲಿ ಎಂದೂ ಇಲ್ಲದ ಬೆಲೆಯಿದೆ. ಈಚೆಗೆ ಚಿಕ್ಕಪ್ಪನ ಮೊಮ್ಮಗಳನ್ನು ಆ ಊರಿಗೆ ಕೊಟ್ಟೆವು. ಹುಡುಗ ಅಜ್ಜಿಯ ಆ ತಮ್ಮನ, ಹೆಣ್ಣು ಕೇಳಿ ಬರಿಗೈಯಲ್ಲಿ ಹಿಂದಿರುಗಿದವನ ಮೊಮ್ಮಗ. ಹುಡುಗಿಯೇ ಒಪ್ಪಿದ್ದು, ಇಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ಹಳೆಯ ಕಥೆ ಅವರಿಬ್ಬರಿಗೂ ಗೊತ್ತಿರಲಿಲ್ಲ. ಮಾತುಕತೆಗೆ ಹೋದ ದಿನ ತೊಂಬತ್ತರ ಹತ್ತಿರದ ದೊಡ್ಡತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಬೀಗರ ಮನೆಯಲ್ಲಿ ಎಲ್ಲರೂ ಜಾತಕ, ಛತ್ರ, ಒಡವೆ ಎಂದು ಮಾತಾಡುತ್ತಿದ್ದಾಗ ಅವಳು ಹುಡುಗನ ಅಪ್ಪನನ್ನು ಹತ್ತಿರ ಕರೆದು, "ನಿಮ್ಮ ಹಗೇವು ಎಲ್ಲಿತ್ತು, ತೋರಿಸು ಬಾ" ಎಂದಳು. ಹಗೇವು ಮುಚ್ಚಿ ಬಹಳ ವರ್ಷವಾಗಿತ್ತು, ಅದರ ಮೇಲೆ ಈಗ ನೀರಿನ ತೊಟ್ಟಿ ಕಟ್ಟಿದ್ದರು. ಅವನು ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ. ಅವಳು ನಲ್ಲಿ ತಿರುಗಿಸಿ ನೋಡಿ, ಒಳಗೆ ಬಂದು ತಾಂಬೂಲ ತೆಗೆದುಕೊಳ್ಳಬಹುದು ಎಂದಳು.